ಎಂಟು ಗಂಟೆಯ ಹಳದಿ ಪರದೆ

ಕ್ಯಾಂಪ್ ವರ್ಡಿ, ಅರಿಜೋನಾ
ಜೂನ್ 9, ಸೋಮವಾರ

ಪ್ರೀತಿಯ ಗ್ಲೆಂಡಾ,

ಮೊದಲು ನನ್ನನ್ನು ಬೈದುಬಿಡು, ಆಮೇಲೆ ಓದು. ನಿನ್ನ ಮೂರು ಕಾಗದಗಳಿಗೆ ನಾನು ಕಳಿಸಿದ್ದು ಒಂದೇ ಒಂದು ಪೋಸ್ಟ್ ಕಾರ್ಡು. ಅದರಲ್ಲೂ ಎರಡೇ ಸಾಲು: ರೇಡಿಯೇಟರ್ ಕೆಟ್ಟಿದೆ, ಸರಿಯಾದ ಕೂಡಲೇ ಬೆಟ್ಟ ಹತ್ತಿ ಬರುತ್ತೇನೆ ಅಂತ. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬಾಯಿ ಮುಚ್ಚದೆ ದುಡಿದವಳು ಎರಡು ಸಾಲಿಗೆ ನಿಂತಳು ಅಂದರೆ ಅದರಲ್ಲಿ ಏನೋ ಇದೆ ಅಂತ ನಿನಗೆ ಅನುಮಾನ ಬಂದೇ ಬಂದಿರುತ್ತದೆ.

ನಿನ್ನ ಕಾಲು ಹೇಗಿದೆ? ಕಣ್ಣು ಮಂಜಾಗುವುದು ನಿಂತಿತೇ? ಫ್ಲಾಗ್‌ಸ್ಟಾಫಿನ ತಂಪಿಗೆ ಹೋದ ಮೇಲೆ ಊರುಗೋಲನ್ನು ಗಾಡಿಯಲ್ಲೇ ಬಿಟ್ಟು ಪೈನ್ ಮರಗಳ ನಡುವೆ ಓಡಾಡುತ್ತೀಯ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ನಿನ್ನ ನರದ ಕಾಯಿಲೆಗೆ ಬಿಸಿಲೇ ವಿಷ ಅಂತ ಡಾಕ್ಟರು ಹೇಳಿದ್ದು ಸುಳ್ಳಲ್ಲ ನೋಡು.

ನಾನು ಫೋನ್ ಮಾಡಬಹುದಿತ್ತು. ಗುರುವಾರ ಗುರುವಾರ ನೀನು ಅಂಚೆ ಕಚೇರಿಗೆ ಇಳಿದು ಬಂದಾಗ ಸಿಗ್ನಲ್ ಸಿಗುತ್ತದೆ ಅಂತ ಗೊತ್ತು. ಬೇಕಂತಲೇ ಮಾಡಲಿಲ್ಲ. ಫೋನಿನಲ್ಲಾದರೆ ಎರಡು ಮಾತಿಗೊಮ್ಮೆ ನಾನು ಏದುಸಿರು ಬಿಡುವುದು ನಿನಗೆ ಕೇಳಿಸುತ್ತದೆ. ಕಾಗದಕ್ಕೆ ಆ ಚಾಡಿ ಹೇಳುವ ಬುದ್ಧಿ ಇಲ್ಲ. ಹಿಂದಿನ ಸಾಲು ಬರೆದು ಈ ಸಾಲಿಗೆ ಬರುವಷ್ಟರಲ್ಲಿ ನಾನು ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆ ಅಂತ ನಿನಗೆ ಹೇಗೆ ಗೊತ್ತಾಗಬೇಕು?

ಆದರೆ ಮೂರನೆಯ ಕಾಗದದಲ್ಲಿ “ಶನಿವಾರ ನಾನೇ ಕೆಳಗೆ ಬಂದು ನಿನ್ನ ರೇಡಿಯೇಟರ್ ನೋಡ್ತೀನಿ” ಅಂತ ಬರೆದುಬಿಟ್ಟೆಯಲ್ಲ, ಅದಕ್ಕೇ ಪೆನ್ನು ಹಿಡಿಯಬೇಕಾಯಿತು. ಬರಬೇಡ ಗ್ಲೆಂಡಾ. ಇಲ್ಲಿ ಮಧ್ಯಾಹ್ನ ನೂರಾ ನಾಲ್ಕು ಡಿಗ್ರಿ, ಗಾಳಿಗೇ ಜ್ವರ ಬಂದಿದೆ. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಗಾಡಿಯ ರಿಪೇರಿ ಮುಗಿಯಲಿ ಅಂತ ನೀನು ನದಿಯ ಹತ್ತಿರ ನಾಲ್ಕು ದಿನ ಹೆಚ್ಚಿಗೆ ಉಳಿದೆ. ಐದನೆಯ ದಿನ ಏನಾಯಿತು? ನಮ್ಮ ಒಪ್ಪಂದದ ಪ್ರಕಾರ ಎಂಟು ಗಂಟೆಗೆ ಏರಬೇಕಾದ ನಿನ್ನ ಕಿಟಕಿಯ ಪರದೆ ಮೇಲೇರಲಿಲ್ಲ. ನಾನು ಹೋಗಿ ಬಾಗಿಲು ತಟ್ಟಿದೆ, ಒಡೆದೆ. ನೀನು ಸ್ಟವ್ವಿನ ಕೆಳಗೆ ಬಿದ್ದಿದ್ದೆ. ಕಾಲು ಎರಡೂ ನಿನ್ನವಲ್ಲ ಅನ್ನುವ ಹಾಗೆ ಮಡಚಿಕೊಂಡಿದ್ದವು. ನೀನು ನನ್ನ ಮುಖ ನೋಡಿ, “ಎಂಟೂ ಐದು. ಲೇಟು ಕಣೇ” ಅಂದೆ. ಅವತ್ತು ನಾನು ನಕ್ಕುಬಿಟ್ಟೆ. ಈಗ ನೆನಪಾದರೆ ನಗು ಬರುವುದಿಲ್ಲ.

ಇನ್ನು ನಿಜ ಹೇಳುತ್ತೇನೆ. ರೇಡಿಯೇಟರಿಗೆ ಏನೂ ಆಗಿಲ್ಲ. ಪಾಪ, ನನ್ನ ಹ್ಯಾಟಿ ಮೂವತ್ತೊಂದು ವರ್ಷದ ಮುದಿ ಗಾಡಿಯಾದರೂ ಗುಂಡುಕಲ್ಲಿನ ಹಾಗೆ ಇದ್ದಾಳೆ. ಕೆಟ್ಟಿರುವುದು ನಾನು.

ಮೇ ಹದಿನಾಲ್ಕರಂದು ಹೊರಟೆ. ಎಂದಿನ ದಾರಿಯೇ. ಆಕ್ಸಿಜನ್ ಮಷೀನನ್ನು ಪಕ್ಕದ ಸೀಟಿಗೆ ಕಟ್ಟಿ, ಕೊಳವೆ ಮೂಗಿಗೆ ಸಿಕ್ಕಿಸಿ, ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆ ಸಣ್ಣ ಮೀಟರು ಕಚ್ಚಿಸಿಕೊಂಡಿದ್ದೆ. ತೊಂಬತ್ತಕ್ಕಿಂತ ಕೆಳಗೆ ಇಳಿಯಬಾರದು ಅಂತ ಡಾಕ್ಟರ ಅಪ್ಪಣೆ. ಕ್ಯಾಂಪ್ ವರ್ಡಿ ದಾಟುವಾಗ ತೊಂಬತ್ತೊಂದು. ಸರಿ ಅಂದುಕೊಂಡೆ. ರಸ್ತೆ ಬದಿಯಲ್ಲಿ ಎಷ್ಟು ಎತ್ತರ ಏರಿದೆವು ಅಂತ ತಿಳಿಸುವ ಹಲಗೆಗಳು ಬರುತ್ತವಲ್ಲ, ನಾವಿಬ್ಬರೂ ಪ್ರತಿ ವರ್ಷ ಹಾರ್ನ್ ಹೊಡೆದು ಖುಷಿಪಡುತ್ತಿದ್ದ ಹಲಗೆಗಳು. ನಾಲ್ಕು ಸಾವಿರ ಅಡಿ ಅಂತ ಬಂತು, ಹಾರ್ನ್ ಹೊಡೆದೆ, ಮೀಟರು ಎಂಬತ್ತೇಳು ಅಂದಿತು. ಐದು ಸಾವಿರದ ಹಲಗೆಗೆ ಹಾರ್ನ್ ಹೊಡೆಯಲಿಲ್ಲ. ಎಂಬತ್ತೆರಡು. ಕನ್ನಡಿಯಲ್ಲಿ ನೋಡಿಕೊಂಡರೆ ತುಟಿ ದ್ರಾಕ್ಷಿ ಜಾಮ್ ತಿಂದವಳ ಹಾಗಿತ್ತು.

ಗಾಡಿಯನ್ನು ಬದಿಗೆ ಹಾಕಿ ನಿಂತೆ. ಸ್ವಲ್ಪ ಹೊತ್ತು ನಿಂತರೆ ಒಗ್ಗಿಕೊಳ್ಳುತ್ತದೆ ಅಂತ ಒಂದು ಮೊಂಡುತನ. ಮುಕ್ಕಾಲು ಗಂಟೆ ನಿಂತೆ. ಒಗ್ಗಲಿಲ್ಲ. ಹೆದ್ದಾರಿ ಪೊಲೀಸಿನವನೊಬ್ಬ ಬಂದು ಕಿಟಕಿ ತಟ್ಟಿದ. ನಮ್ಮ ವಯಸ್ಸಿಗೆ ಹತ್ತಿರದವನು, ಬಿಳಿ ಮೀಸೆ.

“ಏನಮ್ಮಾ, ರೇಡಿಯೇಟರ್ ಕಾದುಹೋಯ್ತಾ?” ಅಂದ.

ಆ ಏರಿನಲ್ಲಿ ನಿಲ್ಲುವವರೆಲ್ಲ ಅದಕ್ಕೇ ನಿಲ್ಲುವುದು. ನನಗೆ ಎರಡನೆಯ ಮಾತಾಡಲು ಉಸಿರಿರಲಿಲ್ಲ. “ಹೌದು” ಅಂದೆ.

“ಈ ರಸ್ತೇನೇ ಹಾಗೆ. ಇವತ್ತು ನೀವು ನಾಲ್ಕನೆಯವರು,” ಅಂತ ತನ್ನ ಕಾರಿನಿಂದ ಒಂದು ಕ್ಯಾನ್ ನೀರು ತಂದು ಕೊಟ್ಟ. “ತಣ್ಣಗಾಗೋವರೆಗೂ ಮುಚ್ಚಳ ತೆಗೀಬೇಡಿ, ಮುಖಕ್ಕೆ ಹಾರುತ್ತೆ.”

ಅವನು ಹೋದ ಮೇಲೆ ಆ ನೀರನ್ನು ನಾನೇ ಕುಡಿದೆ. ನಿನಗೆ ಬರೆದ ಸುಳ್ಳು ನನ್ನದಲ್ಲ ಕಣೇ, ಅವನು ಕೈಗೆ ಕೊಟ್ಟು ಹೋದದ್ದು. ಮುಂದಿನ ತಿರುವಿನಲ್ಲಿ ಗಾಡಿ ತಿರುಗಿಸಿ ಕೆಳಗೆ ಇಳಿದೆ. ಇಳಿಯುತ್ತಾ ಅತ್ತೆ ಅಂತ ಬರೆಯಬೇಕು. ಅಳುವುದಕ್ಕೂ ಉಸಿರು ಬೇಕು, ಸುಮ್ಮನೆ ಇಳಿದೆ.

ಇನ್ನೊಂದು ವಿಷಯಕ್ಕೂ ಬೈದುಬಿಡು, ಒಟ್ಟಿಗೇ ಆಗಲಿ. ನನಗೆ ಇದು ಫೆಬ್ರವರಿಯಲ್ಲೇ ಗೊತ್ತಿತ್ತು. ಕ್ಲಿನಿಕ್ಕಿನ ನರ್ಸು ಫಾರಂ ತುಂಬಿಸುತ್ತಾ, “ನಿಮ್ಮ ಮನೆ ಎಷ್ಟು ಎತ್ತರದಲ್ಲಿದೆ?” ಅಂದಳು. ಚಳಿಗೆ ಮರುಭೂಮಿ, ಬಿಸಿಲಿಗೆ ಬೆಟ್ಟ ಅಂತ ಗಾಡಿಯಲ್ಲೇ ಬದುಕುವವಳಲ್ಲವೇ, “ಯಾವ ತಿಂಗಳು?” ಅಂತ ನಾನು ಕೇಳಿದೆ. ಅವಳು ನಗಲಿಲ್ಲ. ಆಮೇಲೆ ಡಾಕ್ಟರು ಬಂದು, “ಇನ್ನು ಮೂರೂವರೆ ಸಾವಿರ ಅಡಿಗಿಂತ ಮೇಲೆ ಹೋಗಬೇಡಿ. ನಿಮ್ಮ ಶ್ವಾಸಕೋಶ ಅಷ್ಟಕ್ಕೇ” ಅಂದರು. ಬೇಸಿಗೆಯಲ್ಲಿ ಎಲ್ಲಿರಲಿ ಅಂದರೆ, ಸಮುದ್ರದ ದಂಡೆ ಒಳ್ಳೆಯದು ಅಂದರು. ಒಳ್ಳೆಯದೇ, ಯಾರು ಬೇಡ ಅಂದರು? ದಂಡೆಯಲ್ಲಿ ಒಂದು ರಾತ್ರಿ ಗಾಡಿ ನಿಲ್ಲಿಸುವ ಬಾಡಿಗೆಗೆ ನಾವಿಬ್ಬರೂ ಒಂದು ವಾರ ಊಟ ಮಾಡುತ್ತೇವೆ. ಅದೂ ಅಲ್ಲದೆ ಮಷೀನು ಈ ರಾಜ್ಯದ ವಿಮೆಯವರದ್ದು, ಗಡಿ ದಾಟಿದರೆ ವಾಪಸು ಕೊಡಬೇಕಂತೆ. ಉಸಿರಾಡಲು ಹೋಗಬೇಕಾದರೆ ಉಸಿರಾಡುವ ಮಷೀನು ಬಿಟ್ಟು ಹೋಗಬೇಕು. ಹೇಗಿದೆ ನ್ಯಾಯ?

ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಮೇಲೆ ಹೋಗುತ್ತಿರಲಿಲ್ಲ. “ಮಧ್ಯದಲ್ಲಿ ಎಲ್ಲಾದ್ರೂ ಇರೋಣ” ಅನ್ನುತ್ತಿದ್ದೆ. ಭೂಪಟ ಹರವಿಕೊಂಡು ನಾನು ಮಾರ್ಚ್ ತಿಂಗಳಿಡೀ ಆ ಮಧ್ಯವನ್ನೇ ಹುಡುಕಿದೆ ಗ್ಲೆಂಡಾ. ನಿನ್ನ ಕಾಲು ತಡೆಯುವಷ್ಟು ತಂಪು ಇರುವ ಕಡೆ ನನಗೆ ಗಾಳಿ ಇಲ್ಲ, ನನಗೆ ಗಾಳಿ ಇರುವ ಕಡೆ ನಿನಗೆ ಕಾಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಚಕ್ರ ಇರುವ ಮನೆ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಆರು ವರ್ಷ ಜಂಬ ಕೊಚ್ಚಿಕೊಂಡೆವಲ್ಲ. ಆ ಮಧ್ಯ ಸಿಗಲಿಲ್ಲ, ಅದಕ್ಕೇ, “ನೀನು ಮುಂದೆ ಹೋಗಿ ಜಾಗ ಹಿಡಿ, ನಾನು ಎರಡು ವಾರದಲ್ಲಿ ಬರ್ತೀನಿ” ಅಂದೆ. ಆದರೂ ಮನಸ್ಸು ಒಪ್ಪದೆ ಮೇ ತಿಂಗಳಲ್ಲಿ ಒಂದು ಕೈ ನೋಡಿದೆ.

ನನ್ನ ಈಗಿನ ಜಾಗ ಹೇಳುತ್ತೇನೆ, ಹೆದರಬೇಡ. ಹಳೆಯ ಪೆಟ್ರೋಲ್ ಬಂಕಿನ ಹಿಂದೆ ಹತ್ತು ಗಾಡಿ ನಿಲ್ಲುವ ಅಂಗಳ. ಮಾಲೀಕ ಆರ್ನಿ ಪಾಸ್ಕೊ, ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ಮನುಷ್ಯ. ವಾರದ ಬಾಡಿಗೆ, ಕರೆಂಟಿಗೆ ಬೇರೆ. ಆದರೆ ಕೊಟ್ಟಿರುವ ಪ್ಲಗ್ಗು ಸಣ್ಣದು. ಏಸಿ ಹಾಕಿದರೆ ಫ್ಯೂಸು ತಡೆಯುತ್ತದೆ, ಮಷೀನು ಹಾಕಿದರೂ ತಡೆಯುತ್ತದೆ, ಎರಡೂ ಹಾಕಿದರೆ ಟಪ್ಪಂತ ಹೋಗುತ್ತದೆ. ಆರ್ನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, “ತಂಪು ಬೇಕೋ, ಉಸಿರು ಬೇಕೋ, ಒಂದನ್ನ ಆರಿಸ್ಕೋಬೇಕು ಲೊರೇನ್” ಅಂದ. ನಮ್ಮಿಬ್ಬರ ಕಥೆಯನ್ನೇ ಹೇಳುತ್ತಿದ್ದಾನೆ ಅಂತ ಅವನಿಗೆ ಹೇಗೆ ಗೊತ್ತು?

ಹಗಲು ಒದ್ದೆ ಟವಲು ಕತ್ತಿಗೆ ಸುತ್ತಿಕೊಂಡು ಮಷೀನಿನ ಜೊತೆ ಕೂರುತ್ತೇನೆ. ತೀರಾ ತಡೆಯದಾದಾಗ ಇಪ್ಪತ್ತು ನಿಮಿಷ ಮಷೀನು ಆರಿಸಿ ಏಸಿ ಹಾಕುತ್ತೇನೆ. ತಣ್ಣಗಾಗುತ್ತಿದ್ದಂತೆ ಬೆರಳು ನೀಲಿಯಾಗುತ್ತದೆ, ಮತ್ತೆ ಬದಲಾಯಿಸುತ್ತೇನೆ. ಊಟಕ್ಕೆ ತಣ್ಣನೆ ಬೀನ್ಸ್, ಉಪ್ಪು ಬಿಸ್ಕತ್ತು. ಸ್ಟವ್ವು ಹಚ್ಚುವ ಧೈರ್ಯ ಯಾರಿಗಿದೆ? ಆಕ್ಸಿಜನ್ ಕೊಳವೆ ಹಾಕಿಕೊಂಡು ಬೆಂಕಿ ಹಚ್ಚಿದರೆ ಡಾಕ್ಟರು ಬೇಡ, ಅಗ್ನಿಶಾಮಕದವರು ಬೇಕು. ನಲವತ್ತು ವರ್ಷ ಸಿಗರೇಟು ಸೇದಿದವಳಿಗೆ ಈಗ ಬೆಂಕಿ ಕಂಡರೆ ಭಯ ನೋಡು.

ಈಗ ನೀನು ಎರಡು ಕೆಲಸ ಮಾಡಬೇಕು, ವಾದ ಮಾಡಬಾರದು.

ಆ ಪೈನ್ ಮರದ ಪಕ್ಕ ನನ್ನ ಜಾಗ ಹಿಡಿಯಲು ಹಾಕಿರುವ ಮಡಿಸುವ ಕುರ್ಚಿ, ಬೆನ್ನಿಗೆ ಟೇಪು ಅಂಟಿಸಿ “ಲೊರೇನ್” ಅಂತ ಬರೆದಿರುವುದು, ಅದನ್ನು ಮಡಿಸಿ ಒಳಗಿಡು. ನಾಲ್ಕು ವಾರದಿಂದ ಖಾಲಿ ಕುರ್ಚಿಯನ್ನು ಕಾಯುತ್ತಿದ್ದೀಯ. ಹದಿನಾಲ್ಕು ದಿನಕ್ಕೊಮ್ಮೆ ಅರಣ್ಯ ಇಲಾಖೆಯವರು ಜಾಗ ಬದಲಾಯಿಸಿ ಅಂದಾಗ ನಿನ್ನ ಗಾಡಿಯ ಜೊತೆ ಆ ಕುರ್ಚಿಯನ್ನೂ ಎತ್ತಿ ಹೊಸ ಜಾಗದಲ್ಲಿ ಹಾಕಿದೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಆವತ್ತು ನಾನು ಏನೂ ತಿನ್ನಲಿಲ್ಲ. ಮಿನ್ನೆಸೋಟಾದ ಗಂಡ ಹೆಂಡತಿ ಬಂದು ಜಾಗ ಖಾಲಿಯಾ ಅಂತ ಕೇಳಿದರೆ “ಬರ್ತಾಳೆ, ಬರ್ತಾಳೆ, ರೇಡಿಯೇಟರ್” ಅಂದು ಓಡಿಸಿದೆಯಂತೆ. ಅವರನ್ನು ಹುಡುಕಿ ಕರೆ. ಆ ಜಾಗ ಅವರಿಗೆ ಕೊಡು.

ಕೊಟ್ಟ ಮೇಲೆ ಪರದೆಯ ವಿಷಯ ಹೇಳು. ಇದು ಎರಡನೆಯ ಕೆಲಸ. ನಿನ್ನ ಅಡುಗೆ ಕಿಟಕಿಯ ಪರದೆ ಬೆಳಗ್ಗೆ ಎಂಟಕ್ಕೆ ಮೇಲೇರಬೇಕು, ಏರದಿದ್ದರೆ ಅವರು ಬಂದು ತಟ್ಟಬೇಕು. ನಾಚಿಕೆಪಡಬೇಡ. ಚಳಿಗಾಲದಲ್ಲಿ ಕ್ವಾರ್ಟ್ಜ್‌ಸೈಟಿನ ಮರುಭೂಮಿಯಲ್ಲಿ ಆ ಬಡಗಿ ಹಾಲಿಸ್ ತನ್ನ ಗಾಡಿಯಲ್ಲಿ ಸತ್ತು ಐದು ದಿನ ಬಿದ್ದಿದ್ದನಲ್ಲ, ನಾವಿಬ್ಬರೂ ದಿನಾ ಅದರ ಮುಂದೆಯೇ ಕಾಫಿ ಲೋಟ ಹಿಡಿದು ಓಡಾಡಿದ್ದೆವಲ್ಲ, ಅದನ್ನು ಅವರಿಗೆ ಹೇಳು, ಅರ್ಥವಾಗುತ್ತದೆ. ಅವತ್ತೇ ತಾನೇ ನಾವು ಒಂದೇ ಥಾನಿನ ಹಳದಿ ಬಟ್ಟೆ ತಂದು ಎರಡೂ ಗಾಡಿಗೆ ಪರದೆ ಹೊಲಿದದ್ದು?

ನನ್ನ ಚಿಂತೆ ಮಾಡಬೇಡ. ಆರ್ನಿಗೆ ನಾನೂ ಹೇಳಿದ್ದೇನೆ. ಅವನ ಆಫೀಸಿನ ಕಿಟಕಿಗೆ ನನ್ನ ಪರದೆ ನೇರವಾಗಿ ಕಾಣುತ್ತದೆ. ನೋಡಿಕೊಳ್ಳುತ್ತಾನೆ.

ಸೆಪ್ಟೆಂಬರಿನಲ್ಲಿ ಬಿಸಿಲು ಇಳಿದ ಮೇಲೆ ನೀನು ಇಳಿದು ಬಾ. ಎಂದಿನ ಜಾಗದಲ್ಲೇ ಸಿಗೋಣ. ಅಲ್ಲಿಯವರೆಗೆ ನಿನ್ನ ಕಾಲು ನಿನ್ನವೇ ಆಗಿರಲಿ, ಕಣ್ಣು ತಿಳಿಯಾಗಿರಲಿ, ಮಿನ್ನೆಸೋಟಾದವರು ಕಾಫಿ ಚೆನ್ನಾಗಿ ಮಾಡುವವರಾಗಿರಲಿ. ನನಗೆ ತಿಳಿದ ದೇವರಿಗೆಲ್ಲ ಇದನ್ನೇ ಕೇಳಿಕೊಳ್ಳುತ್ತೇನೆ.

ನಿನ್ನ ಮೊಂಡಿ,
ಲೊರೇನ್

ಮರೆತ ಮಾತು. ಮಂಗಳವಾರ.

ನಿನ್ನೆ ಲಕೋಟೆ ಅಂಟಿಸಲಿಲ್ಲ. ಆರ್ನಿ ನೋಡಿಕೊಳ್ಳುತ್ತಾನೆ ಅಂತ ಬರೆದೆನಲ್ಲ, ಆ ಸಾಲು ಕುಟುಕುತ್ತಲೇ ಇತ್ತು. ಅವನಿಗೆ ಹೇಳಿದ್ದು ನಿಜ. ಆಗ ಅವನು ನಕ್ಕು, “ಸರಿ ಬಿಡಿ. ಆದ್ರೆ ಇಲ್ಲಿ ಯಾರೂ ಯಾರ ಬಾಗಿಲೂ ತಟ್ಟಲ್ಲ, ಅದೇ ಈ ಜಾಗದ ಒಳ್ಳೇ ಗುಣ” ಅಂದಿದ್ದ. ರೇಡಿಯೇಟರಿನ ಸುಳ್ಳಿನ ಜೊತೆಗೆ ಇನ್ನೊಂದು ಸುಳ್ಳು ನಿನಗೆ ಬೇಡ ಅಂತ ಇವತ್ತು ಪರೀಕ್ಷೆ ಮಾಡಿದೆ. ಎಂಟಕ್ಕೆ ಪರದೆ ಎತ್ತಲಿಲ್ಲ.

ಒಂಬತ್ತಕ್ಕೆ ಆರ್ನಿ ಕಸದ ಚೀಲ ಹಿಡಿದು ಹಾದುಹೋದ. ಹನ್ನೊಂದಕ್ಕೆ ಬಂದು ನನ್ನ ಕಿಟಕಿಯ ಕೆಳಗೇ ನಿಂತು, ಕರೆಂಟಿನ ಮೀಟರು ನೋಡಿ ಬರೆದುಕೊಂಡು ಹೋದ. ಒಂದು ಗೇಣಿನ ದೂರ, ಅವನು ಸಿಳ್ಳೆ ಹಾಕುವುದು ಕೇಳಿಸುತ್ತಿತ್ತು. ಪಕ್ಕದ ಗಾಡಿಯವಳು ಎರಡು ಸಲ ಬಟ್ಟೆ ಒಣಹಾಕಿದಳು.

ಈಗ ಸಂಜೆ ನಾಲ್ಕು ಗಂಟೆ. ಪರದೆ ಇಳಿದೇ ಇದೆ. ಎದ್ದು ಎತ್ತಿಬಿಡಬಹುದು, ಎರಡೇ ಹೆಜ್ಜೆ. ಎತ್ತಿದರೆ ಯಾರೂ ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಕಣೇ. ಇನ್ನೊಂದು ಗಂಟೆ ನೋಡುತ್ತೇನೆ.

ನೀನು ಮಾತ್ರ ಶನಿವಾರ ಬರಬೇಡ.