ನೂರಕ್ಕೆ ತೊಂಬತ್ತು

ವುಡ್‌ಸೈಡ್, ಕ್ಯಾಲಿಫೋರ್ನಿಯಾ
ಮೇ 11, ಸೋಮವಾರ

ಪ್ರೀತಿಯ ಬೆಟಿನಾ,

ನೀನೂ ಇಗ್ನಾಸಿಯೊನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ಅಪ್ಪನ ಹೆಸರು ಬಂದ ಕೂಡಲೇ ಇಟ್ಟುಬಿಡುತ್ತೀ. ಕಂಪ್ಯೂಟರಿನಲ್ಲಿ ಬರೆಯೋಣವೆಂದು ಕೂತರೆ, ಅಪ್ಪನ ಗೆಳೆಯ ಲೈಲ್ ನಮ್ಮ ಮನೆಗೆ ಹಾಕಿಕೊಟ್ಟಿರುವ ಆ ಬುದ್ಧಿವಂತ ಯಂತ್ರ, ನಾನು "ಪ್ರೀತಿಯ" ಎನ್ನುವಷ್ಟರಲ್ಲಿ ಉಳಿದದ್ದನ್ನು ತಾನೇ ಬರೆದು ಮುಗಿಸಿತು: "ಮಾನ್ಯರೇ, ತಮ್ಮ ಅಸಮಾಧಾನವನ್ನು ಗಮನಿಸಲಾಗಿದೆ. ಮದುವೆಯ ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಹೆತ್ತ ಮಗಳಿಗೆ ಹೀಗೆ ಬರೆಯುವ ತಾಯಿ ಎಲ್ಲಾದರೂ ಇದ್ದಾಳೆಯೇ? ಅದನ್ನು ಮುಚ್ಚಿಟ್ಟು ಪೆನ್ನು ಹುಡುಕಿದೆ. ಇಷ್ಟು ದೊಡ್ಡ ಮನೆಯಲ್ಲಿ ಬರೆಯುವ ಪೆನ್ನು ಒಂದೂ ಇಲ್ಲ. ಕೊನೆಗೆ ಅಂಚೆಯವಳ ಹತ್ತಿರ ಇಸಿದುಕೊಂಡೆ.

ವಿಷಯಕ್ಕೆ ಬರುತ್ತೇನೆ. "ಮದುವೆಗೆ ನೀನು ಬಾ, ಅಪ್ಪ ಬೇಡ" ಎಂದು ಬರೆದಿದ್ದೀಯಲ್ಲ, ಅದನ್ನು ನೀನು ಬದಲಾಯಿಸಬೇಕು. ಜೂನ್ ತಿಂಗಳಲ್ಲಿ ಎಲ್ಲರ ಮುಂದೆ ನಿನ್ನ ಕೈ ಹಿಡಿದು ನಡೆಸಿಕೊಂಡು ಹೋಗುವವರು ನಿಮ್ಮಪ್ಪನೇ ಆಗಬೇಕು. ನಿನ್ನ ಹಟ ನಿನಗೆ ಎಲ್ಲಿಂದ ಬಂತು ಎಂದು ಬಲ್ಲೆ, ಆದ್ದರಿಂದ ನಾನೂ ಹಟ ಬಿಡುವುದಿಲ್ಲ.

ನಿನ್ನ ಸಿಟ್ಟಿಗೆ ಕಾರಣವಿಲ್ಲ ಎನ್ನುತ್ತಿಲ್ಲ. ಆ ದಿನ ನೀನು ಫೋನ್ ಮಾಡಿದಾಗ ನಾನು ಅಪ್ಪನ ಪಕ್ಕದಲ್ಲೇ ಇದ್ದೆ. "ಅಪ್ಪಾ, ನನ್ನ ಕೈ ಹಿಡ್ಕೊಂಡು ಬರ್ತೀಯ ತಾನೇ?" ಎಂದು ನೀನು ಕೇಳಿದೆ. "ತೊಂಬತ್ತು ಪರ್ಸೆಂಟ್ ಬರ್ತೀನಿ ಪುಟ್ಟಿ" ಎಂದರು ಈ ಮಹಾನುಭಾವರು. ನೀನು ಫೋನ್ ಇಟ್ಟೆ. ಅವರು ನನ್ನ ಕಡೆ ತಿರುಗಿ, "ಲೈನ್ ಹೋಯ್ತು ಅನ್ಸುತ್ತೆ" ಎಂದರು. ನನಗೆ ಕೈಯಲ್ಲಿದ್ದ ಸೌಟನ್ನು ಎಸೆಯಬೇಕೆನಿಸಿತು.

ಉಳಿದ ಹತ್ತು ಪರ್ಸೆಂಟ್ ಇಗ್ನಾಸಿಯೊನ ಮೇಲಿನ ಅಸಮಾಧಾನ ಎಂದು ನೀನು ಲೆಕ್ಕ ಹಾಕಿಕೊಂಡಿದ್ದೀ. ಅವನು ಕೋಟ್ಯಧಿಪತಿಗಳ ಮೇಲೆ ಹೊಸ ತೆರಿಗೆ ಬರಬೇಕೆಂದು ಮನೆಮನೆಗೆ ಹೋಗಿ ಸಹಿ ಕೂಡಿಸುವವನು, ಇವರು ಅದೇ ತೆರಿಗೆಯನ್ನು ವಾರವಾರವೂ ಮೈಕಿನ ಮುಂದೆ ಬೈಯುವವರು. ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಅಂದ ಹಾಗೆ, ಅವನ ಗುಂಪಿನ ಹುಡುಗಿಯೊಬ್ಬಳು ಕಳೆದ ತಿಂಗಳು ನಮ್ಮ ಗೇಟಿಗೇ ಬಂದಿದ್ದಳು. ಪಾಪ, ಬಿಸಿಲಲ್ಲಿ ಬೆಂದುಹೋಗಿದ್ದಳು. ನಿಂಬೆಹಣ್ಣಿನ ಪಾನಕ ಕೊಟ್ಟು ಸಹಿಯನ್ನೂ ಹಾಕಿ ಕಳಿಸಿದೆ. ಇದನ್ನು ಅಪ್ಪನಿಗೆ ಹೇಳಬೇಡ.

ಆದರೆ ಆ ತೊಂಬತ್ತಿನ ಕಥೆ ಬೇರೆ. ಅಪ್ಪನೂ ಮೂವರು ಗೆಳೆಯರೂ ಸೇರಿ ನಡೆಸುವ ಪಾಡ್‌ಕಾಸ್ಟಿನ ಚಾಳಿ ನಿನಗೆ ಗೊತ್ತು. ಯಂತ್ರಗಳು ಯಾರ ಕೆಲಸ ಕಸಿಯುತ್ತವೆ, ಬಡ್ಡಿ ಏರುತ್ತದೋ ಇಳಿಯುತ್ತದೋ, ಮುಂದಿನ ಸರ್ಕಾರ ಯಾರದು, ಎಲ್ಲಕ್ಕೂ ಒಂದು ಅಂಕಿ ಹೇಳಲೇಬೇಕು. ಆದರೆ ನೂರು ಎನ್ನುವಂತಿಲ್ಲ. ನೂರು ಎಂದವನು ಪೆದ್ದ, ಮುಂದಿನ ವಾರ ಅವನು ಕತ್ತೆಯ ಕಿವಿ ಕಟ್ಟಿಕೊಂಡು ಕಾರ್ಯಕ್ರಮ ನಡೆಸಬೇಕು. ರಾಜಕೀಯ ಬಲ್ಲ ವೆಂಡೆಲ್ ಚುನಾವಣೆಯ ದಿನ ನೂರು ಎಂದು ಕಟ್ಟಿಕೊಂಡ. ಷೇರುಪೇಟೆ ಬಲ್ಲ ಡೋವ್, ಯಾವುದೋ ಕಂಪನಿ ಮುಳುಗುವುದೇ ಇಲ್ಲ ಎಂದು ಶುಕ್ರವಾರ ಹೇಳಿ ಸೋಮವಾರ ಕಟ್ಟಿಕೊಂಡ. ನಿಮ್ಮಪ್ಪನೊಬ್ಬರೇ ಇವತ್ತಿನವರೆಗೂ ಕಿವಿ ಕಟ್ಟಿಕೊಂಡಿಲ್ಲ. ಅವರಿಗೆ ತಮ್ಮ ಆಸ್ತಿಗಿಂತ ಇದರ ಜಂಬವೇ ಹೆಚ್ಚು.

ಮನೆಯಲ್ಲೂ ಇದೇ ಪಾಡು. ಊಟಕ್ಕೆ ಕರೆದರೆ "ಎಂಬತ್ತೈದು" ಎನ್ನುತ್ತಲೇ ಮೆಟ್ಟಿಲು ಇಳಿದು ಬರುತ್ತಾರೆ. ನಮ್ಮ ಮದುವೆಯಲ್ಲಿ ಪಾದ್ರಿ "ಒಪ್ಪಿಗೆಯೇ" ಎಂದು ಕೇಳಿದಾಗ ತುಂಬಾ ಹೊತ್ತು ಸುಮ್ಮನೆ ನಿಂತಿದ್ದರು. ಗಂಟಲು ಕಟ್ಟಿದೆ ಎಂದುಕೊಂಡು ನಾನು ಕರಗಿ ಹೋಗಿದ್ದೆ. ಎಷ್ಟೋ ವರ್ಷದ ಮೇಲೆ ತಿಳಿಯಿತು, ಆಗ ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರಂತೆ.

ಕಳೆದ ಗುರುವಾರ ಎಂದಿನಂತೆ ನಾಲ್ವರ ಪೋಕರ್ ಇಸ್ಪೀಟಾಟ ಇತ್ತು. ಈಗ ಮಧ್ಯಾಹ್ನವೇ ಆಡುತ್ತಾರೆ. ನೂರಿಪ್ಪತ್ತು ವರ್ಷ ಬದುಕಬೇಕೆಂದು ಲೈಲ್ ಸಂಜೆ ಏಳಕ್ಕೇ ಮಲಗುತ್ತಾನೆ. ನಾನು ಬ್ರೆಡ್ಡು, ಚೀಸು ಇಡಲು ಹೋದಾಗ ಮೇಜಿನ ಮೇಲೆ ಫ್ರೆಸ್ನೊದಲ್ಲಿ ಒಂದು ಮನೆ ಕೊಳ್ಳುವಷ್ಟು ಪಣದ ಬಿಲ್ಲೆಗಳು ಬಿದ್ದಿದ್ದವು. ನಿಮ್ಮಪ್ಪ ಎಲೆಗಳನ್ನು ಕೆಳಗಿಟ್ಟು ಆಟ ಬಿಟ್ಟುಕೊಟ್ಟರು. ಡೋವ್ ಅವನ್ನು ತಿರುಗಿಸಿ ನೋಡಿದ.

"ಲೇ ಕಾನ್ರಾಡ್, ಕೈಯಲ್ಲಿ ಎರಡು ರಾಜ ಇಟ್ಕೊಂಡು ಯಾರಾದ್ರೂ ಆಟ ಬಿಡ್ತಾರೇನೋ? ಹುಷಾರಿಲ್ವಾ?"

"ಮಗಳು ಮದುವೆಗೆ ಬರಬೇಡ ಅಂದಿದ್ದಾಳೆ. ತೊಂಬತ್ತು ಪರ್ಸೆಂಟ್ ಬರ್ತೀನಿ ಅಂದಿದ್ದೇ ತಪ್ಪಾಯ್ತಂತೆ" ಎಂದರು ನಿಮ್ಮಪ್ಪ.

"ತೊಂಬತ್ತು ಅಂದ್ರೆ ಬಹಳ ಆಯ್ತು ಕಣೋ. ನನ್ನ ಮದುವೆಗೆ ನಾನೇ ಅರವತ್ತು ಕೊಟ್ಟಿದ್ದೆ" ಎಂದ ಡೋವ್.

"ಮೂರರಲ್ಲಿ ಯಾವುದಕ್ಕೆ?" ಎಂದ ವೆಂಡೆಲ್.

ಲೈಲ್ ತಕ್ಷಣ ಫೋನ್ ತೆಗೆದು ತನ್ನ ಯಂತ್ರವನ್ನೇ ಕೇಳಿದ. ಕೋಳಿ ಬೆಂದಿದೆಯೋ ಇಲ್ಲವೋ ಎನ್ನುವುದನ್ನೂ ಅವನು ಅದನ್ನೇ ಕೇಳುವುದು. ಅದು, "ಇದು ಮನೆಯ ವಿಷಯ, ಮಗಳ ಹತ್ತಿರ ಕೂತು ಮಾತಾಡಿ" ಎಂದಿತು. "ಇಷ್ಟೊಂದು ದುಡ್ಡು ಸುರಿದು ಮಾಡಿಸಿದ್ದು ನಮ್ಮತ್ತೆ ಥರ ಮಾತಾಡುತ್ತಲ್ಲೋ" ಎಂದು ಡೋವ್ ಬೇಸರ ಮಾಡಿಕೊಂಡ.

ವೆಂಡೆಲ್ ಮಾತ್ರ ರಾಜಕೀಯ ಬಿಡಲಿಲ್ಲ. "ಹೋಗದೇ ಇರೋದೇ ವಾಸಿ ಬಿಡು. ಆ ಹುಡುಗ ನಿನ್ನ ಮೇಲೆ ತೆರಿಗೆ ಹಾಕ್ಸೋಕೆ ಬೀದಿ ಸುತ್ತುತ್ತಿದ್ದಾನೆ. ನೀನು ಹೋಗಿ ಅವನ ಪಕ್ಕ ನಿಂತ್ರೆ ಕೇಳೋರು ಏನಂತಾರೆ?"

ನಿಮ್ಮಪ್ಪ ತಲೆ ಎತ್ತದೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಹಾಕ್ಸಲಿ ಬಿಡೋ. ಮಗಳ ಕೈ ಹಿಡ್ಕೊಂಡು ನಡೆಯೋಕೂ ತೆರಿಗೆ ಹಾಕಿದ್ರೆ ಅದನ್ನೂ ಕಟ್ತೀನಿ."

ಅವರೆಲ್ಲ ಹೋದ ಮೇಲೆ ನಾನು ಎದುರಿಗೆ ಕೂತು, "ಆ ಹತ್ತು ಪರ್ಸೆಂಟ್ ಏನು, ಬಿಡಿಸಿ ಹೇಳು" ಎಂದೆ. ಬೆರಳು ಮಡಿಸಿ ಹೇಳಿದರು. ವಿಮಾನ ಹಾರದೇ ಇರುವುದಕ್ಕೆ ಎರಡು. ಭೂಕಂಪಕ್ಕೆ ಒಂದು. ತಮ್ಮ ಹೃದಯಕ್ಕೆ ಮೂರು. "ಇನ್ನು ನಾಲ್ಕು?" ಎಂದೆ. ಬಿಲ್ಲೆಗಳನ್ನು ಜೋಡಿಸುತ್ತಾ, ಕೆಡವುತ್ತಾ, ಮತ್ತೆ ಜೋಡಿಸುತ್ತಾ ಕೂತರು.

"ಅವಳೇ ಮನಸ್ಸು ಬದಲಾಯಿಸಿ ನೀನು ಬೇಡ ಅನ್ನಬಹುದಲ್ಲ, ಅದಕ್ಕೆ."

ಇಗ್ನಾಸಿಯೊನಿಗೆ ಎಷ್ಟಿಟ್ಟಿದ್ದೆ ಎಂದು ಕೇಳಿದೆ. "ಅವನಿಗೆ ಯಾಕೆ? ಒಳ್ಳೇ ಹುಡುಗ. ಲೆಕ್ಕ ಮಾತ್ರ ಬರಲ್ಲ" ಎಂದರು. ನನಗೆ ನಗು ಬಂತು, ಆಮೇಲೆ ಅಳುವೂ ಬಂತು. ನಿಮ್ಮಪ್ಪ ಕೆಟ್ಟವರಲ್ಲ ಬೆಟಿನಾ. ಒಲವಿನ ಮಾತು ಆಡಬೇಕಾದಲ್ಲಿ ಅಂಕಿ ಹೇಳುತ್ತಾರೆ, ಆದರೆ ಸುಳ್ಳು ಅಂಕಿ ಹೇಳುವುದಿಲ್ಲ. ನಿನಗೆ ಕೊಟ್ಟಷ್ಟು ದೊಡ್ಡದನ್ನು ಅವರು ಯಾರಿಗೂ ಕೊಟ್ಟದ್ದನ್ನು ನಾನು ಕೇಳಿಲ್ಲ.

ಅವರ ಹಳೇ ಕೋಟನ್ನು ಹಿಗ್ಗಿಸಲು ದರ್ಜಿಗೆ ಕೊಟ್ಟಿದ್ದೇನೆ. ನೀನು ಹೂಂ ಎನ್ನುವ ಮೊದಲೇ ಕೊಟ್ಟದ್ದು ನನ್ನ ದುಡುಕು. ಇಗ್ನಾಸಿಯೊನ ತಾಯಿಗೆ ನನ್ನ ನಮಸ್ಕಾರ ಹೇಳು, ಅವರು ಕಳಿಸಿದ ತಮಾಲೆ ಕಡುಬು ಎರಡೇ ದಿನದಲ್ಲಿ ಖಾಲಿಯಾಯಿತು. ನೀವಿಬ್ಬರೂ ಜಗಳವಾಡಿದರೂ ಒಂದೇ ತಟ್ಟೆಯಲ್ಲಿ ಉಣ್ಣುವ ಹಾಗಿರಿ, ನಿಮ್ಮ ಮನೆಯಲ್ಲಿ ಸದಾ ನಗು ಇರಲಿ.

ನಿನ್ನ ಅಮ್ಮ,
ಮಾರ್ಲಿಸ್

ತಾ.ಕ. ಇದನ್ನು ಬರೆಯಬಾರದು ಎಂದೇ ಇದ್ದೆ. ನನ್ನ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿದೆ. ಕೆಟ್ಟದ್ದೇ ಅಂತೆ. ಮದುವೆ ಕಳೆದ ಮೇಲೆ ಆಪರೇಷನ್ ಮಾಡಿ ಎಂದು ಡಾಕ್ಟರನ್ನು ಒಪ್ಪಿಸಿದ್ದೇನೆ. ಅವರು ಹೇಳಿದ್ದನ್ನೆಲ್ಲ ನಿಮ್ಮಪ್ಪ ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು, ಅದರಲ್ಲಿ ಒಳ್ಳೆಯ ಅಂಕಿ ಹೆಚ್ಚೇನೂ ಇರಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ, "ಕಾನ್ರಾಡ್, ನಾನು ಉಳೀತೀನಾ?" ಎಂದು ಕೇಳಿದೆ. ರಸ್ತೆಯಿಂದ ಕಣ್ಣು ತೆಗೆಯದೆ "ನೂರು" ಎಂದರು. ಪೋಕರ್ ಆಡುವವರ ಹಾಗೆ ಎಲೆ ತೋರಿಸು ಎಂದು ನಾನು ಕೇಳಲಿಲ್ಲ. ನಿನಗೆ ಕೊಟ್ಟ ತೊಂಬತ್ತು ನಿಜವಾದದ್ದು ಮಗಳೇ, ಅದನ್ನು ಬೇಡ ಅನ್ನಬೇಡ.