ಸರಿಸಿಟ್ಟ ಚಪ್ಪಲಿ

ಅಕ್ಕಾ,

ನೀನು ಮಲಗಿದ್ದೀ, ಎಬ್ಬಿಸಿ ಹೇಳಲು ಧೈರ್ಯವಾಗಲಿಲ್ಲ. ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಫ್ರಿಜ್ಜಿನಲ್ಲಿಡು.

ಬೆಳಿಗ್ಗೆ ಕಂಪೌಂಡರ್ ಇಲ್ಲವೆಂದು ದವಾಖಾನೆಯ ಕಟ್ಟೆ ನಾನೇ ಗುಡಿಸಿದೆನಲ್ಲ, ಆಗ ಅಲ್ಲಿದ್ದ ಚಪ್ಪಲಿಗಳನ್ನೆಲ್ಲ ಗೋಡೆಗೆ ಚೆಂದಾಗಿ ಜೋಡಿಸಿಟ್ಟೆ. ಜನ ಬಂದ ಸರದಿಯಂತೆ ಚಪ್ಪಲಿ ಸಾಲಾಗಿ ಬಿಟ್ಟು ಪಾಳಿ ಹಿಡಿದು, ಬೇವಿನ ನೆರಳಿಗೆ ಹೋಗಿ ಕೂತಿರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸವಡಿಯ ಸಿದ್ದವ್ವ, “ನಂದ ಮೊದಲ ಇತ್ರಿ ಡಾಕ್ಟರ ಬಾಯಾರ, ಯಾರೋ ಹಿಂದ ಸರಿಸ್ಯಾರ” ಅಂದಾಗ ನೀನು, “ಜಗಳಾ ಮಾಡೂದಿದ್ರ ಮನಿಗೆ ನಡಿಯವ್ವಾ” ಎಂದು ಗದರಿದೆ. ನಾನು ಕಸಬರಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ಸಕ್ಕರೆ ಕಾಯಿಲೆಯವರು; ಕಾಲಿನ ಹುಣ್ಣು ತೋರಿಸದೆ ಹೊರಟೇಬಿಟ್ಟರು. ಹೋಗುವಾಗ ನನ್ನನ್ನು, “ನೀನರ ನೋಡಿದ್ದಿಲ್ಲೇನೋ ತಮ್ಮಾ?” ಎಂದು ಕೇಳಿದರು.

“ಇಲ್ರಿ” ಅಂದೆ.

ಈಗ ಬೈಕಿನ ಮೇಲೆ ಸವಡಿಗೆ ಹೋಗುತ್ತಿದ್ದೇನೆ. ಕರೆತಂದರೆ ಸಂಜೆ ಅವರನ್ನೇ ಮೊದಲು ನೋಡು. ಬರಲೊಲ್ಲೆ ಅಂದರೆ ಫೋನ್ ಮಾಡುತ್ತೇನೆ. ಡ್ರೆಸ್ಸಿಂಗ್ ಸಾಮಾನು ತೆಗೆದುಕೊಂಡು ಸ್ಕೂಟಿಯಲ್ಲಿ ನೀನೇ ಬಾ. ನನ್ನನ್ನು ಬೈಯುವುದಿದ್ದರೆ ಅಲ್ಲೇ, ಅವರ ಮುಂದೆಯೇ ಬೈ.

ಅಮೇಯ