ಅಗಲದ ಕಯಾಕ್

ಅಪ್ಪಾ,

ಇವತ್ತು ನಾನೂ ಮಂಜೂರನೂ ಮೀನು ಹಿಡಿಯಲು ಕಯಾಕ್ ದೋಣಿ ಕೊಂಡೆವು. ಎಷ್ಟು ಖುಷಿಯೆಂದರೆ, ದಾರಿಯುದ್ದಕ್ಕೂ ಅದನ್ನು ಮುಟ್ಟುತ್ತಲೇ ಬಂದೆ. ಸಾಣಾಪುರದ ರೆಸಾರ್ಟಿನವರು ಹಳೆಯ ಎರಡನ್ನು ಮಾರಲು ಇಟ್ಟಿದ್ದರು.

"ಕುಂತು ಗಾಳ ಹಾಕೋದಾದ್ರ ಈ ಸಣ್ಣದು ಛಲೋರಿ, ಜೋರ ಹೋಗ್ತೈತಿ. ನಿಂತು ಬಲಿ ಬೀಸೋರಿಗೆ ಅಗಲದ್ದು ಬೇಕು," ಎಂದರು.

ಮಂಜೂರನಿಗೆ ಬಲೆ ಹಿಡಿಯಲೂ ಬರುವುದಿಲ್ಲ. ಆದರೂ ಹಟ ಮಾಡಿ ಅಗಲದ್ದನ್ನೇ ಕೊಳ್ಳಿಸಿದೆ. ಹರಿಗೋಲಿನಲ್ಲಿ ನೀನು ಕುಳಿತು ಬಲೆ ಬೀಸಿದ್ದನ್ನು ನಾನೆಂದೂ ನೋಡಿಲ್ಲ.

ಮಂಜೂರನನ್ನು ಮದುವೆಯಾದ ಮೇಲೆ ಮೂರು ಸಲ ಆನೆಗೊಂದಿಯ ದಂಡೆಗೆ ಬಂದೆ. ಮೂರು ಸಲವೂ ನನ್ನನ್ನು ಕಂಡು ನೀನು ಹರಿಗೋಲನ್ನು ಆಚೆಗೆ ತಿರುಗಿಸಿದೆ.

"ಇಷ್ಟ ಅಗಲ ಯಾರಿಗ, ಅನು?" ಎಂದು ಮಂಜೂರ ಕೇಳಿದ.

"ನನಗಽ. ದಪ್ಪ ಆಗೀನಲ್ಲ," ಎಂದೆ.

ಅವನು ನಕ್ಕ. ಮತ್ತೆ ಕೇಳಲಿಲ್ಲ.

ಅನುಷಾ